ಕವಿತೆಗೊಂದು ಅಂಕಿತ



ನನ್ನ ಮೊದಲ ಕವನ ಸಂಕಲನ ಅಚ್ಚಾದದ್ದು 1994ರಲ್ಲಿ. ಸಾವಿರ ಪ್ರತಿ. ಅಚ್ಚುಕೂಟದಿಂದ ಆಟೋದಲ್ಲಿ ತುಂಬಿಸಿಕೊಂಡು ಮನೆಗೆ ತಂದಾಗ ಇಪ್ಪತ್ತು ಕಟ್ಟುಗಳಿದ್ದವು. ಕಂದು ಕಾಗದ ಸುತ್ತಿ, ಸೆಣಬಿನ ಹುರಿಯಿಂದ ಬಿಗಿದ ಐವತ್ತೈವತ್ತರ ಕಟ್ಟುಗಳು. ಮೊದಲ ಕಟ್ಟು ಬಿಚ್ಚಿ ಒಂದು ಪುಸ್ತಕ ಕೈಗೆ ತೆಗೆದುಕೊಂಡಾಗ ಬಂದ ಮಸಿಯ ವಾಸನೆ, ಅಂಟಿನ ವಾಸನೆ ಇವತ್ತಿಗೂ ನೆನಪಿದೆ. ಒಂದು ಕಟ್ಟು ಬಿಡುಗಡೆಯ ದಿನ ಬಂದವರಿಗೆ ಹೋಯಿತು. ಇನ್ನೊಂದು ನೆಂಟರಿಷ್ಟರಿಗೆ. ಎರಡು ಕಟ್ಟು ಪತ್ರಿಕೆಗಳಿಗೆ, ಹಿರಿಯ ಲೇಖಕರಿಗೆ ಅಂಚೆಯಲ್ಲಿ ಹೋದವು. ನಾಲ್ಕು ಕಟ್ಟನ್ನು ವಿತರಕರೊಬ್ಬರು ಒಯ್ದರು, ಲೆಕ್ಕ ಬರಲಿಲ್ಲ. ಉಳಿದ ಹನ್ನೆರಡು ಕಟ್ಟುಗಳು ಮಂಚದ ಕೆಳಗೆ ಸೇರಿದವು.

ಪ್ರತಿ ವರ್ಷ ಯುಗಾದಿಗೆ ಸುಣ್ಣ ಬಳಿಯುವ ಮುಂಚೆ ಅವನ್ನು ಹೊರಗೆಳೆದು, ಜಗಲಿಯ ಬಿಸಿಲಿಗೆ ಒಡ್ಡಿ, ನಡುವೆ ಒಣಗಿದ ಬೇವಿನ ಸೊಪ್ಪು ಹರಡಿ ಮತ್ತೆ ಒಳಗೆ ತಳ್ಳುತ್ತಿದ್ದೆವು. ಹೀಗೆ ಐದಾರು ಯುಗಾದಿ ಕಳೆದ ಮೇಲೆ, ಒಂದು ದಿನ ನನ್ನ ಹೆಂಡತಿ ಕಟ್ಟಿನ ಮೇಲಿನ ಧೂಳು ಒರೆಸುತ್ತಾ ಕೇಳಿದಳು: “ಇವನ್ನ ಯಾರಿಗೆ ಅಂತ ಬರೆದ್ರಿ?” ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಕಲನದಲ್ಲಿ ಗಾಂಧೀಜಿಯ ಮೇಲೆ ಒಂದು ಪದ್ಯವಿತ್ತು, ಬೆಂಗಳೂರಿನ ಮೇಲೆ ಒಂದು, ತಾಯಿಯ ಮೇಲೆ ಒಂದು, ಸಾವಿನ ಮೇಲೆ ಎರಡು. ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಯಾರನ್ನೂ ಕರೆಯುತ್ತಿರಲಿಲ್ಲ.

ಇವತ್ತಿನ ನನ್ನ ಮಾತು ಆ ಪ್ರಶ್ನೆಯಿಂದ ಹುಟ್ಟಿದ್ದು. ಪದ್ಯ ಬರೆಯುವುದು ಒಂದು ಕೆಲಸ, ಬರೆದದ್ದನ್ನು ಓದುವವರ ಮನೆ ಮುಟ್ಟಿಸುವುದು ಇನ್ನೊಂದು ಕೆಲಸ ಎಂದು ನಾವು ಭಾಗ ಮಾಡಿಕೊಂಡಿದ್ದೇವೆ. ಎರಡನೆಯದಕ್ಕೆ ವ್ಯಾಪಾರ ಎಂದು ಹೆಸರಿಟ್ಟು, ಕವಿಯಾದವನು ಅದಕ್ಕೆ ಕೈ ಹಚ್ಚಬಾರದು ಎಂದು ದೂರ ನಿಂತಿದ್ದೇವೆ. ಆದರೆ ಕನ್ನಡದಲ್ಲಿ ಈ ಎರಡೂ ಬಹಳ ಕಾಲ ಒಂದೇ ಕೆಲಸವಾಗಿದ್ದವು. ದಾಸರು ತಂಬೂರಿ ಹಿಡಿದು ತಮ್ಮ ಪದಗಳನ್ನು ತಾವೇ ಬೀದಿಯಲ್ಲಿ ಹಾಡಿಕೊಂಡು ಹೋದರು. ವಚನಗಳು ಊರಿಂದೂರಿಗೆ ಹೋದದ್ದು ನಡೆದಾಡುವ ಜಂಗಮರ ಬಾಯಲ್ಲಿ. ಅಚ್ಚಿನ ಕಾಲ ಬಂದ ಮೇಲೂ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಆ ಹೊರೆಯಿಂದ ಅವರ ಘನತೆ ಕಡಿಮೆಯಾಗಲಿಲ್ಲ. ಕನ್ನಡಕ್ಕೆ ಓದುವವರು ಹುಟ್ಟಿಕೊಂಡರು.

ನಾನು ಅವರಿಂದೆಲ್ಲ ಕಲಿತ ಮುಖ್ಯ ಪಾಠವನ್ನು ಒಂದು ಮಾತಿನಲ್ಲಿ ಹೇಳಬಹುದು. ಆ ಮಾತು ‘ಅಂಕಿತ’.

ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ, ಪುರಂದರದಾಸರಿಗೆ ಪುರಂದರ ವಿಠಲ, ಕನಕದಾಸರಿಗೆ ಕಾಗಿನೆಲೆಯಾದಿಕೇಶವ. ಸರ್ವಜ್ಞನ ತ್ರಿಪದಿಗೆ ಅವನ ಹೆಸರೇ ಅಂಕಿತ. ಶಾಲೆಯಲ್ಲಿ ಅಂಕಿತವನ್ನು ಕವಿಯ ಸಹಿ ಎಂದು ಹೇಳಿಕೊಡುತ್ತೇವೆ. ನಾನೂ ಮೂವತ್ತು ವರ್ಷ ಹಾಗೆಯೇ ಹೇಳಿಕೊಟ್ಟೆ. ಅದು ಸಹಿಗಿಂತ ದೊಡ್ಡದು. ಮಾತಾಡುವವರು ಯಾರು, ಯಾರನ್ನು ಕರೆದು ಮಾತಾಡುತ್ತಿದ್ದಾರೆ ಎಂಬುದನ್ನು ಅಂಕಿತ ಕೇಳುವವನಿಗೆ ಮೊದಲೇ ತಿಳಿಸುತ್ತದೆ. ಕಿವಿಗೆ ಬಿದ್ದ ಈ ಒಂದು ವಚನ ಒಂಟಿಯಲ್ಲ, ಇದಕ್ಕೊಂದು ಬಳಗವಿದೆ, ಹುಡುಕಿದರೆ ಇನ್ನೂ ಸಿಗುತ್ತವೆ ಎಂದು ಭರವಸೆ ಕೊಡುತ್ತದೆ. ಸಂತೆಯಲ್ಲಿ ಒಂದು ಕೇಳಿದವನು ಜಾತ್ರೆಯಲ್ಲಿ ಇನ್ನೊಂದನ್ನು ಕೇಳಿದಾಗ, “ಓ, ಇದು ಅವರದೇ” ಎಂದು ಗುರುತು ಹಿಡಿಯುತ್ತಾನೆ. ಇವತ್ತು ಪ್ರಕಾಶಕರು ಮಾಲೆ, ಸರಣಿ ಎಂದು ಕರೆಯುವುದು ಇದನ್ನೇ. ಒಂದು ವಸ್ತು, ಒಂದು ದನಿ ಹಿಡಿದು ಪುಸ್ತಕದ ಮೇಲೆ ಪುಸ್ತಕ ತರುವ ಈ ಕೆಲಸ ನಮ್ಮಲ್ಲಿ ಎಂಟು ನೂರು ವರ್ಷಕ್ಕೂ ಹಿಂದಿನದು.

ಹೊಸಗನ್ನಡದಲ್ಲಿ ಇದನ್ನು ಬಲು ಚೆನ್ನಾಗಿ ಅರಿತು ನಡೆದವರು ಜಿ. ಪಿ. ರಾಜರತ್ನಂ. ಪಾಳಿ ಭಾಷೆ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರು ಅವರು. ಜೈನ ಸಾಹಿತ್ಯದಲ್ಲೂ ಅಷ್ಟೇ ಪರಿಶ್ರಮ. ಅಂಥವರು 1930ರ ದಶಕದಲ್ಲಿ ಒಬ್ಬ ಹೆಂಡಗುಡುಕನ ಬಾಯಿಗೆ ತಮ್ಮ ಪದ್ಯಗಳನ್ನು ಕೊಟ್ಟರು. ಅವನೇ ಯೆಂಡ್ಕುಡ್ಕ ರತ್ನ. ಅವನಿಗೊಬ್ಬ ಹೆಂಡತಿ, ಪುಟ್ನಂಜಿ. ಅವನಿಗೊಂದು ಪಡಖಾನೆ. ಅವನಿಗೆ ಅವನದೇ ಕನ್ನಡ, ಬೀದಿಯಲ್ಲಿ ನಾವು ದಿನಾ ಕೇಳುವ ಕನ್ನಡ. ‘ರತ್ನನ ಪದಗಳು’ ಎಂದು ಹೇಳಿದ ಕೂಡಲೇ ಓದುಗನ ಕಣ್ಣಿಗೆ ಒಬ್ಬ ಮನುಷ್ಯ ಕಾಣುತ್ತಾನೆ. ಕವಿಯ ಹೆಸರು ಮರೆತವನೂ ರತ್ನನ ಹೆಸರು ಮರೆಯುವುದಿಲ್ಲ. ರತ್ನನ ಬೆನ್ನಿಗೆ ‘ನಾಗನ ಪದಗಳು’ ಬಂತು. ಮುಂದೆ ಮೈಸೂರು ಅನಂತಸ್ವಾಮಿಯವರು ರತ್ನನ ಪದಗಳಿಗೆ ರಾಗ ಹಾಕಿ ಹಾಡಿದಾಗ, ಪುಸ್ತಕವನ್ನೇ ಮುಟ್ಟದವರ ಮನೆಗೂ ಪುಟ್ನಂಜಿ ಬಂದು ಕೂತಳು.

ಅದೇ ರಾಜರತ್ನಂ ಮಕ್ಕಳಿಗಾಗಿ ಬರೆದ ಪುಸ್ತಕಗಳ ಹೆಸರು ನೋಡಿ: ತುತ್ತೂರಿ, ಕಡಲೆಪುರಿ, ಗುಲಗಂಜಿ. ತುತ್ತೂರಿ ಜಾತ್ರೆಯಲ್ಲಿ ಮಗು ಹಟ ಹಿಡಿದು ಕೊಡಿಸಿಕೊಳ್ಳುವ ವಸ್ತು. ಕಡಲೆಪುರಿ ಸಂತೆಯಿಂದ ಅಪ್ಪ ತರುವ ಪೊಟ್ಟಣ. ಗುಲಗಂಜಿ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವ ಕೆಂಪು ಕಾಳು. ಈ ಹೆಸರುಗಳಲ್ಲಿ ಯಾವುದೂ ಸಾಹಿತ್ಯದ ಹೆಸರಲ್ಲ. ಎಲ್ಲವೂ ಮಗು ಕೈ ಚಾಚುವ ವಸ್ತುಗಳು. ರಕ್ಷಾಪುಟ ಹೇಗಿರಬೇಕು, ಯಾವ ಬಣ್ಣ ಇರಬೇಕು ಎಂದು ನಾವು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ರಾಜರತ್ನಂ ಹೆಸರಿನಲ್ಲೇ ಆ ಕೆಲಸ ಮುಗಿಸಿದ್ದರು. ಹೆಂಡಗುಡುಕನಿಗೆ ಒಂದು ಬಾಗಿಲು, ಕಂದನಿಗೆ ಇನ್ನೊಂದು ಬಾಗಿಲು. ಎರಡೂ ಒಬ್ಬರದೇ ಮನೆಯವಾದರೂ ಯಾರೂ ತಪ್ಪು ಬಾಗಿಲು ತಟ್ಟಲಿಲ್ಲ.

ಅವರ ದೊಡ್ಡತನ ಇಷ್ಟಕ್ಕೇ ನಿಲ್ಲಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ವಿದ್ಯಾರ್ಥಿಗಳ ಬರಹಗಳನ್ನು ಅಚ್ಚು ಮಾಡಿಸಿ ಅವರನ್ನು ಮುಂದೆ ತಂದರು. ತನ್ನ ಪುಸ್ತಕವೇ ಖರ್ಚಾಗಲಿ ಎನ್ನುವವನು ವ್ಯಾಪಾರಿ. ಪುಸ್ತಕ ಕೊಳ್ಳುವ ಅಭ್ಯಾಸವೇ ಬೆಳೆಯಲಿ ಎನ್ನುವವನು ನಾಡಿಗೆ ಬೇಕಾದವನು. 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ರತ್ನ ಅಲ್ಲಿಯವರೆಗೆ ಅವರ ಜೊತೆಗೇ ನಡೆದು ಬಂದಿದ್ದ.

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು. ಅದರಲ್ಲಿ 945 ಪದ್ಯಗಳು. ವಿಷಯ ನೋಡಿದರೆ ವೇದಾಂತ, ಸಂಸಾರ, ವಿಧಿ, ಧರ್ಮ, ಭಾಷೆಯೂ ಸುಲಭದ್ದಲ್ಲ. ಆದರೂ ಇಷ್ಟು ವರ್ಷ ಅದು ಮತ್ತೆ ಮತ್ತೆ ಅಚ್ಚಾಗುತ್ತಿದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕಚೇರಿಯ ಗೋಡೆಯ ಮೇಲೆ ಕಾಣುತ್ತದೆ. ನಾಲ್ಕನೆಯ ಸಾಲಿನ ತುದಿಯಲ್ಲಿ ತಿಮ್ಮ ಬಂದು ನಿಲ್ಲುವುದು ಇದಕ್ಕೆ ಒಂದು ಕಾರಣ ಎಂದು ನನ್ನ ನಂಬಿಕೆ. ಉಪದೇಶ ಕೇಳಲು ಯಾರಿಗೂ ಇಷ್ಟವಿಲ್ಲ. ಆದರೆ ತನಗೆ ತಾನೇ ಹೇಳಿಕೊಳ್ಳುವ ಮಂಕುತಿಮ್ಮನ ಪಕ್ಕದಲ್ಲಿ ಕುಳಿತುಕೊಳ್ಳಲು ಎಲ್ಲರಿಗೂ ಇಷ್ಟ. ಒಂದೊಂದು ಪದ್ಯವೂ ತನ್ನಷ್ಟಕ್ಕೆ ಪೂರ್ತಿ, ಆದರೂ ಎಲ್ಲ ಸೇರಿ ಒಬ್ಬನ ಮಾತು. ಅದಕ್ಕೇ ಎಲ್ಲಿ ತೆರೆದರೂ ಓದಬಹುದು, ಯಾರಿಗೆ ಬೇಕಾದರೂ ಒಂದನ್ನು ಹೇಳಿ ಕಳಿಸಬಹುದು.

ಮಾಲೆಯ ಪದ್ಯಗಳಿಗೆ ಪತ್ರಿಕೆ ಒಳ್ಳೆಯ ದಾರಿ. ಅಂಕೋಲೆಯ ದಿನಕರ ದೇಸಾಯಿ ತಮ್ಮ ‘ಜನಸೇವಕ’ ವಾರಪತ್ರಿಕೆಯಲ್ಲಿ ನಾಲ್ಕು ಸಾಲಿನ ಚುಟುಕಗಳನ್ನು ಬರೆದರು. ರೈತರ ಹೋರಾಟ, ಶಾಲೆ ಕಾಲೇಜು ಕಟ್ಟುವ ಕೆಲಸ, ಲೋಕಸಭೆಯ ಸದಸ್ಯತ್ವ, ಇವುಗಳ ನಡುವೆಯೇ ಚೌಪದಿ ನಡೆಯಿತು. ಸುದ್ದಿ ಓದಲು ಬಂದವನ ಕಣ್ಣಿಗೆ ಚೌಪದಿ ಬಿದ್ದು, ಉತ್ತರ ಕನ್ನಡದ ಚಹಾದಂಗಡಿಗಳಲ್ಲಿ ಬಾಯಿಂದ ಬಾಯಿಗೆ ಹೋಯಿತು. ಪುಸ್ತಕಕ್ಕೆ ‘ದಿನಕರನ ಚೌಪದಿ’ ಎಂದು ಹೆಸರಿಟ್ಟಾಗ ಓದುಗರಿಗೆ ಆ ಹೆಸರನ್ನು ಪರಿಚಯ ಮಾಡಿಕೊಡುವ ಅಗತ್ಯವೇ ಇರಲಿಲ್ಲ.

1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯಲ್ಲಿ ಪಿ. ಲಂಕೇಶ್ ನೀಲುವನ್ನು ಹುಟ್ಟಿಸಿದರು. ರಾಜಕೀಯದ ಬಿಸಿ ಬಿಸಿ ವರದಿಗಳ ನಡುವೆ ನಾಲ್ಕೈದು ಸಾಲಿನ ಪುಟ್ಟ ಪದ್ಯ. ಬಯಕೆ, ಒಂಟಿತನ, ತುಂಟತನ ಎಲ್ಲ ಕೂಡಿದ ಒಂದು ಹೆಣ್ಣು ದನಿ. ವಾರ ವಾರ ನೀಲುವನ್ನು ಹುಡುಕಿ ಓದುವವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದರು. ಅವರಲ್ಲಿ ಕೆಲವರು ಅದಕ್ಕೆ ಮುಂಚೆ ಕವನ ಸಂಕಲನ ಕೊಂಡವರಲ್ಲ. ಆ ಪದ್ಯಗಳು ‘ನೀಲು ಕಾವ್ಯ’ ಎಂದು ಸಂಪುಟಗಳಾಗಿ ಬಂದಾಗ ಕೊಂಡವರೂ ಅವರೇ.

ಬೇರೆ ದೇಶದಲ್ಲೂ ಇದು ನಡೆದಿದೆ. ಚಿಲಿ ದೇಶದ ಪಾಬ್ಲೊ ನೆರೂಡ ಈರುಳ್ಳಿ, ಉಪ್ಪು, ಟೊಮೆಟೊ, ಉಣ್ಣೆಯ ಕಾಲುಚೀಲ ಹೀಗೆ ದಿನಬಳಕೆಯ ವಸ್ತುಗಳ ಮೇಲೆ ಸ್ತುತಿಗೀತೆಗಳನ್ನು ಬರೆದ. ವೆನಿಜುವೆಲಾದ ಕರಾಕಸ್ ನಗರದ ‘ಎಲ್ ನಾಸಿಯೊನಾಲ್’ ಪತ್ರಿಕೆ ಪದ್ಯ ಕೇಳಿದಾಗ, ಸಾಹಿತ್ಯ ಪುರವಣಿಯಲ್ಲಿ ಹಾಕಬಾರದು, ಸುದ್ದಿಯ ಪುಟದಲ್ಲೇ ಹಾಕಬೇಕು ಎಂದು ಅವನು ಷರತ್ತು ಹಾಕಿದ. 1954ರಿಂದ 1957ರೊಳಗೆ ಆ ಗೀತೆಗಳು ಮೂರು ಪುಸ್ತಕಗಳಾದವು. ಪುರವಣಿಯನ್ನು ಓದುವವರು ಹೇಗೂ ಪದ್ಯ ಓದುವವರು. ನೆರೂಡನಿಗೆ ಬೇಕಾಗಿದ್ದವನು ಈರುಳ್ಳಿ ಕೊಳ್ಳುವವನು.

ಹಾಗಾದರೆ ಒಂದು ವಸ್ತು ಹಿಡಿದರೆ ಸಾಕೇ? ಅದರಲ್ಲಿ ಒಂದು ಕಷ್ಟವೂ ಇದೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಗಂಡ ಹೆಂಡಿರ ಪ್ರೀತಿಯ ಆ ಪದ್ಯಗಳನ್ನು ನಾಡು ತನ್ನ ಮನೆಯ ಮಾತಾಗಿ ಮಾಡಿಕೊಂಡಿತು. ಮದುವೆಯ ಉಡುಗೊರೆಗೆ ಕವನ ಸಂಕಲನ ಕೊಡುವ ರೂಢಿ ನಮ್ಮ ಕಡೆ ಬೆಳೆದದ್ದೇ ಆ ಪುಸ್ತಕದಿಂದ. ಟಿ. ಎಸ್. ನಾಗಾಭರಣರ ಸಿನಿಮಾ ಅದನ್ನು ಇನ್ನೊಂದು ತಲೆಮಾರಿಗೆ ದಾಟಿಸಿತು. ಆದರೆ ಕವಿ ಬೆಳೆಯುತ್ತಾನಲ್ಲ. 1958ರ ‘ಶಿಲಾಲತೆ’ಯಲ್ಲಿ ನರಸಿಂಹಸ್ವಾಮಿಯವರು ದಟ್ಟವಾದ, ಹೊಸ ಬಗೆಯ ಕವಿತೆ ಬರೆದರು, ಆಮೇಲೆ ‘ತೆರೆದ ಬಾಗಿಲು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಭೆಗಳಲ್ಲಿ ಮಾತ್ರ ಜನ ಮಲ್ಲಿಗೆಯನ್ನೇ ಕೇಳುತ್ತಿದ್ದರು. ಅಂಕಿತ ಕವಿಗೆ ಗುರುತು ಕೊಡುತ್ತದೆ. ಬಿಟ್ಟು ಹೋಗಬೇಕೆಂದಾಗ ಬಿಡದೆ ಹಿಡಿದುಕೊಳ್ಳಲೂಬಹುದು. ನರಸಿಂಹಸ್ವಾಮಿಯವರು ಇದಕ್ಕೆ ಮುನಿಸಿಕೊಳ್ಳಲಿಲ್ಲ. ಹೊಸ ದಾರಿಯನ್ನೂ ಬಿಡಲಿಲ್ಲ. ‘ದೀಪದ ಮಲ್ಲಿ’, ‘ಇರುವಂತಿಗೆ’, ವಯಸ್ಸಾದ ಮೇಲೆ ‘ದುಂಡುಮಲ್ಲಿಗೆ’, ಹೀಗೆ ಹೂವಿನ ದಾರವನ್ನೂ ಹಿಡಿದುಕೊಂಡೇ ನಡೆದರು. ಕವಿಯ ಬಾಳುವೆ ಒಂದು ಪುಸ್ತಕದ ಗೆಲುವಲ್ಲ, ಐವತ್ತು ಅರವತ್ತು ವರ್ಷಗಳ ನಡಿಗೆ ಎಂದು ಅವರಿಂದ ಕಲಿಯಬೇಕು.

ಚಿಕ್ಕ ಚಿಕ್ಕ ಪುಸ್ತಕಗಳು ಕೊನೆಗೆ ಒಂದು ಕಟ್ಟಾಗುವುದಕ್ಕೂ ನಮ್ಮಲ್ಲಿ ದೊಡ್ಡ ಉದಾಹರಣೆ ಇದೆ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅರಳು ಮರಳು’ ಐದು ಸಂಕಲನಗಳ ಕಟ್ಟು: ಸೂರ್ಯಪಾನ, ಹೃದಯಸಮುದ್ರ, ಮುಕ್ತಕಂಠ, ಚೈತ್ಯಾಲಯ, ಜೀವಲಹರಿ. ಬೇಂದ್ರೆಯವರ ಧಾರವಾಡದಲ್ಲೇ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ, ಚಂದಾದಾರರನ್ನು ಮುಂಚಿತವಾಗಿ ಮಾಡಿಕೊಂಡು ಅವರ ಮನೆಗೇ ಪುಸ್ತಕ ಕಳಿಸುವ ಪದ್ಧತಿಯನ್ನು ನಡೆಸಿದರು. ಪುಸ್ತಕ ಅಚ್ಚಾಗುವ ಮೊದಲೇ ಅದಕ್ಕೊಂದು ವಿಳಾಸ ಇರಬೇಕು ಎಂಬುದು ಆ ಪದ್ಧತಿಯ ಜೀವ.

ಇನ್ನು ದನಿಯ ಮಾತು. ಈ ಬಾನುಲಿ ಪೆಟ್ಟಿಗೆಯಿಂದ ನಿಮ್ಮ ಜೊತೆ ಮಾತಾಡುತ್ತಿರುವಾಗ ಅದನ್ನು ಹೇಳದೆ ಇರಲಾರೆ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲೇ. ಕನ್ನಡದ ಭಾವಗೀತೆ ಹಳ್ಳಿಯ ಅಡುಗೆಮನೆಯವರೆಗೆ ಹೋದದ್ದು ಬಾನುಲಿಯ ಬೆನ್ನೇರಿ. ಮುಂದೆ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದು ಹೆಸರಾಯಿತು. ಹಾಡು ಕೇಳಿ ಕಲಿತವರು ಆಮೇಲೆ ಪುಸ್ತಕ ಹುಡುಕಿಕೊಂಡು ಬಂದರು. ಪದ್ಯ ಮೊದಲು ಕಿವಿಗೆ ಹೋಗುತ್ತದೆ, ಕಣ್ಣಿಗೆ ಆಮೇಲೆ. ಪುಸ್ತಕ ಖರ್ಚಾಗುತ್ತಿಲ್ಲ ಎಂದು ಕೊರಗುವ ಕಿರಿಯರಿಗೆ ನಾನು ಮೊದಲು ಹೇಳುವುದು ಇದು: ಓದಿ ಹೇಳಿ. ಶಾಲೆಯಲ್ಲಿ ಓದಿ, ಗಣಪತಿ ಪೆಂಡಾಲಿನಲ್ಲಿ ಓದಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಓದಿ.

ಇವೆಲ್ಲ ತಿಳಿದ ಮೇಲೆ ನಾನು ಏನು ಮಾಡಿದೆ ಎಂದು ಹೇಳುತ್ತೇನೆ.

ನಮ್ಮದು ತಿಪಟೂರಿನ ಕಡೆಯ ಹಳ್ಳಿ. ತೆಂಗಿನ ಸೀಮೆ, ರಾಗಿಯ ಹೊಲ, ಮಳೆಯ ಮೇಲೆಯೇ ಬದುಕು. ನಮ್ಮಲ್ಲಿ ತಿಂಗಳ ಲೆಕ್ಕಕ್ಕಿಂತ ಮಳೆಯ ಲೆಕ್ಕ ಮುಖ್ಯ. ಏಪ್ರಿಲ್ ನಡುವೆ ಅಶ್ವಿನಿ ಮಳೆ ಹುಟ್ಟುತ್ತದೆ. ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ. ಹೆಸರು, ಅಲಸಂದೆ, ಎಳ್ಳು ಮೊದಲ ಮಳೆಗಳಿಗೆ. ರಾಗಿ ಪುನರ್ವಸು, ಪುಷ್ಯಕ್ಕೆ. ನವೆಂಬರಿನ ವಿಶಾಖದವರೆಗೆ ಹದಿನಾರು ಮಳೆ. ಭರಣಿಗೂ ಧರಣಿಗೂ ಪ್ರಾಸ ಕೂಡಿಸಿ ಗಾದೆ ಕಟ್ಟಿದವರು ನಮ್ಮ ಹಿರಿಯರು. ನನ್ನ ಅಜ್ಜಿ ಸಾಯಂಕಾಲ ಹಾಲು ಕರೆಯುತ್ತಾ, ಮೋಡ ನೋಡುತ್ತಾ, ಕೊಟ್ಟಿಗೆಯ ಹಸುವಿನ ಜೊತೆ ಮಳೆಯ ವಿಷಯ ಮಾತಾಡುತ್ತಿದ್ದಳು. ಹಸುವಿನ ಹೆಸರು ಗೌರಿ. ಹೆಂಡತಿಯ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ನನಗೆ ಒಂದು ದಿನ ಆ ಮಾತು ಮತ್ತೆ ಕೇಳಿಸಿತು. ಹೇಳುವವಳು ಅಜ್ಜಿ, ಕೇಳುವುದು ಗೌರಿ, ವಿಷಯ ಮಳೆ. ನನ್ನ ಅಂಕಿತ ಸಿಕ್ಕಿತು.

ಒಂದೊಂದು ಮಳೆಗೆ ಐದು ಪದ್ಯದಂತೆ ಎಂಬತ್ತು ಪದ್ಯ ಬರೆಯಲು ಏಳು ವರ್ಷ ಹಿಡಿಯಿತು. ಪ್ರತಿ ಪದ್ಯವನ್ನೂ ಅದರ ಮಳೆಯ ದಿನಗಳಲ್ಲೇ ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದೆ. ಸ್ವಾತಿಯ ಪದ್ಯ ಸರಿ ಬಾರದಿದ್ದರೆ ಮುಂದಿನ ಸ್ವಾತಿಯವರೆಗೆ ಕಾಯುತ್ತಿದ್ದೆ. ಒಂದು ವಸ್ತುವನ್ನು ಹಿಡಿದು ಮಾಲೆ ಮಾಡುವವರು ಇದನ್ನು ಗಮನಿಸಬೇಕು. ಮಾರುಕಟ್ಟೆಗೆ ಬೇಕೆಂದು ವಸ್ತುವನ್ನು ಆರಿಸಿದರೆ ಎರಡನೆಯ ಪುಸ್ತಕಕ್ಕೇ ಅದು ಸೊರಗುತ್ತದೆ. ಬಾಲ್ಯದಿಂದ ಎದೆಯಲ್ಲಿದ್ದದ್ದಾದರೆ ಎಂಬತ್ತು ಪದ್ಯ ಬರೆದ ಮೇಲೂ ಮುಗಿದಿರುವುದಿಲ್ಲ.

ಮೂರು ಪುಸ್ತಕ ಮಾಡಿದೆವು. ಅಶ್ವಿನಿಯಿಂದ ಮೃಗಶಿರೆಯವರೆಗೆ ‘ಮುಂಗಾರು’, ಆರಿದ್ರೆಯಿಂದ ಮಘೆಯವರೆಗೆ ‘ನಡುಮಳೆ’, ಹುಬ್ಬೆಯಿಂದ ವಿಶಾಖದವರೆಗೆ ‘ಹಿಂಗಾರು’. ಅಂಗಿಯ ಜೇಬಿಗೆ ಹಿಡಿಸುವ ಗಾತ್ರ, 48 ಪುಟ, ದೊಡ್ಡ ಅಕ್ಷರ. ಬೆಲೆ 30 ರೂಪಾಯಿ. ಒಂದು ಪ್ರತಿಗೆ ಅಚ್ಚಿನ ಖರ್ಚು 13 ರೂಪಾಯಿ ಬಿತ್ತು. ಮಾರಿದವರಿಗೆ 10. ಉಳಿದ 7 ರೂಪಾಯಿಯಲ್ಲಿ ಅಂಚೆ, ಬಸ್ಸಿನ ಖರ್ಚು ಕಳೆದು ಮುಂದಿನ ಪುಸ್ತಕಕ್ಕೆ ಕಾಗದ. ಈ ಲೆಕ್ಕವನ್ನು ಹೆಂಡತಿಯೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಳು. ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವುದು ಒಳ್ಳೆಯದೇ. ಕೆಲವು ನೂರು ಪ್ರತಿ ಹೋದರೆ ಅಚ್ಚಿನ ಹಣ ಬರುತ್ತದೆ. ಆದರೆ ಕಪಾಟು ಸೇರಿದ ಪುಸ್ತಕ ಓದಿದ ಪುಸ್ತಕವಾಗಬೇಕಾದರೆ ಕವಿ ಇನ್ನೊಂದು ಹೆಜ್ಜೆ ನಡೆಯಲೇಬೇಕು.

‘ಮುಂಗಾರು’ ಪುಸ್ತಕವನ್ನು 2012ರ ಯುಗಾದಿಯ ದಿನ, ಊರ ದೇವಸ್ಥಾನದ ಅಂಗಳದಲ್ಲಿ ಪಂಚಾಂಗ ಶ್ರವಣ ಮುಗಿದ ಮೇಲೆ ಹೊರತಂದೆವು. ಆ ವರ್ಷದ ಮಳೆ ಬೆಳೆಯ ಫಲ ಕೇಳಲು ಊರೇ ಅಲ್ಲಿ ಕೂತಿತ್ತು. ಬೇರೆ ಸಭೆ ಸೇರಿಸುವ ಅಗತ್ಯವೇ ಬರಲಿಲ್ಲ. ಎರಡು ಪದ್ಯ ಓದಿದೆ. ಬೇವು ಬೆಲ್ಲದ ತಟ್ಟೆಯ ಪಕ್ಕ ಪುಸ್ತಕ ಇಟ್ಟಿದ್ದೆವು. ಒಂದು ಕಟ್ಟು ಅಲ್ಲೇ ಖಾಲಿಯಾಯಿತು. ಮಾರನೆಯ ದಿನ ಬಿತ್ತನೆ ಬೀಜ, ಗೊಬ್ಬರ ಮಾರುವ ಅಂಗಡಿಯವರಲ್ಲಿ ಹೋಗಿ ಕೇಳಿದೆ. ತಕ್ಕಡಿಯ ಪಕ್ಕ ಹತ್ತು ಪ್ರತಿ ಇಡಲು ಒಪ್ಪಿದರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ಹತ್ತು ಪ್ರತಿ. ಪಂಚಾಂಗ, ಕ್ಯಾಲೆಂಡರ್ ಮಾರುವವರ ಹತ್ತಿರ ಇಪ್ಪತ್ತು. ಇವುಗಳಲ್ಲಿ ಒಂದೂ ಪುಸ್ತಕದಂಗಡಿ ಅಲ್ಲ. ಮಳೆಯ ಮಾತು ದಿನಾ ನಡೆಯುವ ಜಾಗಗಳು ಅವು.

ಆದರೆ ಆ ವರ್ಷ ಮಳೆ ಕೈಕೊಟ್ಟಿತು. 2012 ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ. ಆರಿದ್ರೆ ಹುಟ್ಟುವ ಹೊತ್ತಿಗೆ ‘ನಡುಮಳೆ’ ಅಚ್ಚಾಗಿ ಬಂದಿತ್ತು. ಹೊಲ ಒಣಗಿ ನಿಂತಾಗ ಮಳೆಯ ಪದ್ಯ ಹಿಡಿದು ಯಾರ ಮುಂದೆ ಹೋಗಲಿ? ಕಟ್ಟು ಬಿಚ್ಚದೆ ಮನೆಯಲ್ಲೇ ಇಟ್ಟೆ. ಬೀಜದ ಅಂಗಡಿಯವರೇ ಒಂದು ದಿನ ದಾರಿಯಲ್ಲಿ ತಡೆದು ಕೇಳಿದರು, “ಎರಡನೇ ಪುಸ್ತಕ ಎಲ್ಲಿ ಮೇಷ್ಟ್ರೇ?” ನನ್ನ ಸಂಕೋಚ ಹೇಳಿದೆ. ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಮಳೆ ಬಂದಾಗ ಯಾರು ಮಳೆ ಮಾತಾಡ್ತಾರೆ? ಬಿತ್ತಕ್ಕೆ ಓಡ್ತಾರೆ. ಬರ್ದೇ ಇದ್ದಾಗ್ಲೇ ಅದರ ಮಾತು. ತಂದು ಕೊಡಿ.” ತಂದು ಕೊಟ್ಟೆ. ಮೂರೂ ಪುಸ್ತಕಗಳಲ್ಲಿ ಹೆಚ್ಚು ಬೇಗ ಖರ್ಚಾದದ್ದು ‘ನಡುಮಳೆ’.

ಮರುವರ್ಷ ಯುಗಾದಿಯ ಹಿಂದಿನ ದಿನ ಪಕ್ಕದ ಹಳ್ಳಿಯ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ನಮ್ಮ ಮನೆಗೆ ಬಂದರು. ಕೈಯಲ್ಲಿ ನನ್ನ ಮೂರೂ ಪುಸ್ತಕಗಳಿದ್ದವು. ಗೋಣಿ ಹೊಲಿಯುವ ದಬ್ಬಳದಲ್ಲಿ ಮೂರನ್ನೂ ಸೇರಿಸಿ ಹೊಲಿದು ಒಂದೇ ಪುಸ್ತಕ ಮಾಡಿದ್ದರು. ಅವರಿಗೆ ಓದು ಬಾರದು. ಸಾಯಂಕಾಲ ಮೊಮ್ಮಗಳು ಓದಿ ಹೇಳುತ್ತಿದ್ದಳಂತೆ. ಪುಟ ತಿರುಗಿಸಿ ನೋಡಿದೆ. ಪ್ರತಿ ಮಳೆಯ ಪದ್ಯಗಳು ಮುಗಿದ ಕಡೆ, ಅಂಚಿನ ಚಿಕ್ಕ ಜಾಗದಲ್ಲಿ, ಮೊಮ್ಮಗಳ ಉರುಟಕ್ಷರದಲ್ಲಿ ಪೆನ್ಸಿಲಿನ ಬರಹವಿತ್ತು. ಭರಣಿಯ ಕೆಳಗೆ ‘ತುಂತುರು’. ರೋಹಿಣಿಯ ಕೆಳಗೆ ‘ಬರಲಿಲ್ಲ’. ಮೃಗಶಿರೆಗೆ ‘ಬರಲಿಲ್ಲ’. ಆರಿದ್ರೆಗೆ ‘ಬರಲಿಲ್ಲ’. ಹಾಗೇ ನೋಡುತ್ತಾ ಹೋದೆ. ಒಂದು ಕಡೆ ಮಾತ್ರ ‘ಒಂದು ಹದ. ಕೆಳಗಿನ ಹೊಲದ ರಾಗಿ ಉಳಿಯಿತು’ ಎಂದಿತ್ತು. ಅದರ ಮುಂದೆ ತಾರೀಖು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ತೊಂಬತ್ತು ರೂಪಾಯಿ ಎಣಿಸಿ ಜಗಲಿಯ ಮೇಲಿಟ್ಟರು. “ಇನ್ನೊಂದು ಜೊತೆ ಕೊಡಿ ಮೇಷ್ಟ್ರೇ. ಈ ವರ್ಷದ ಮಳೆ ಬರ್ಕಳಕ್ಕೆ ಇದ್ರಲ್ಲಿ ಜಾಗ ಇಲ್ಲ” ಎಂದರು. ಒಳಗಿನಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹುರಿ ಕತ್ತರಿಸಿ ಕಟ್ಟು ಬಿಚ್ಚಿದಳು, ಮೂರು ಪುಸ್ತಕ ತೆಗೆದು ಅಜ್ಜಿಯ ಕೈಗೆ ಕೊಟ್ಟಳು.

ಅಂದಿನಿಂದ ಮರುಮುದ್ರಣ ಮಾಡಿಸುವಾಗಲೆಲ್ಲ ಪ್ರತಿ ಮಳೆಯ ಕೊನೆಗೆ ಅರ್ಧ ಪುಟ ಖಾಲಿ ಬಿಡಿಸುತ್ತಿದ್ದೇನೆ. ಪದ್ಯಕ್ಕೆ ನನ್ನ ಅಂಕಿತ, ಆ ಅರ್ಧ ಪುಟಕ್ಕೆ ಓದಿದವರದು.